ಸ್ಪೇನ್ ಹೆಂಗಸಿನ ಕಪ್ಪು ನಿಲುವಂಗಿ

ಜನವರಿ 12, ಭಾನುವಾರ

ಕಾಫಿ ಲೋಟ ತೊಳೆಯುತ್ತಿದ್ದೆ, ಅಮೂಲ್ಯಾ ಬಂದಳು. ನಮ್ಮ ಯಜಮಾನರ ತಂಗಿ ಮಗಳು. ಊರು ಕುಣಿಗಲ್ಲಾದರೂ ನಾಲ್ಕು ವರ್ಷದಿಂದ ಇಲ್ಲೇ ತುಮಕೂರಿನ ಹಾಸ್ಟೆಲಿನಲ್ಲಿದ್ದು ಚಿತ್ರಕಲೆ ಓದುತ್ತಿದ್ದಾಳೆ. ಜುಲೈನಲ್ಲಿ ನನ್ನ ಆಪರೇಷನ್ ಆದಾಗಿನಿಂದ ಮನೆಗೆ ಬರುವವರೆಲ್ಲ ದಾಳಿಂಬೆ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬರುತ್ತಾರೆ. ಇವಳು ಸುರುಳಿ ಸುತ್ತಿದ ಒಂದು ಕಾಗದ ಹಿಡಿದು ಬಂದಳು. ಅದೇ ಒಂದು ಖುಷಿ.

ಊಟದ ಮೇಜಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟಳು. ಸ್ಪೇನ್ ದೇಶದ ಚಿತ್ರ, ನಾನೂರು ವರ್ಷಕ್ಕೂ ಹಳೆಯದು. ಬರೆದವನು ಯಾರೋ ಗೊತ್ತಿಲ್ಲವಂತೆ, ಬರೆಸಿಕೊಂಡವಳೂ ಯಾರೋ ಗೊತ್ತಿಲ್ಲವಂತೆ. ಐವತ್ತು ದಾಟಿದ ಹೆಂಗಸು. ಕುತ್ತಿಗೆಯಿಂದ ನೆಲದವರೆಗೆ ಕಪ್ಪು ನಿಲುವಂಗಿ, ಸೊಂಟದಿಂದ ಕೆಳಗೆ ದೇವಸ್ಥಾನದ ಗಂಟೆಯ ಹಾಗೆ ಅಗಲ, ಕತ್ತಿನ ಸುತ್ತ ಊಟದ ತಟ್ಟೆಯಷ್ಟು ದೊಡ್ಡ ಬಿಳಿ ನಿರಿಗೆ ಕಾಲರ್. ನೆಟ್ಟಗೆ ನಮ್ಮನ್ನೇ ನೋಡುತ್ತಾಳೆ, ಹೋಂವರ್ಕ್ ಮಾಡದೆ ಬಂದ ಹುಡುಗಿಯರನ್ನು ನಾನು ನೋಡುವ ಹಾಗೆ.

ಕೊನೆಯ ವರ್ಷದ ಪ್ರಾಜೆಕ್ಟಂತೆ. ಚಿತ್ರದಲ್ಲಿರುವ ಬಟ್ಟೆಯನ್ನು ಹಾಗೇ ಹೊಲಿಯಬೇಕು, ಮಿಷನ್ನಿನ ಒಂದು ಹೊಲಿಗೆಯೂ ಇರಬಾರದು. ಏಪ್ರಿಲ್ ಆರಕ್ಕೆ ಗುಬ್ಬಿಯ ರಂಗಮಂದಿರದಲ್ಲಿ ಪ್ರದರ್ಶನ. ಅವತ್ತು ಅದನ್ನು ಹಾಕಿಕೊಂಡು ಆಳೆತ್ತರದ ಚೌಕಟ್ಟಿನೊಳಗೆ ಚಿತ್ರದ ಹಾಗೆ ನಿಲ್ಲಬೇಕು. ಹಿಂದಿನ ಪರದೆ, ಬಣ್ಣ, ಬೆಳಕು ಎಲ್ಲ ಅವಳದ್ದು.

"ಅತ್ತೆ, ನನಗೆ ಗುಂಡಿ ಹಾಕೋಕೂ ನೆಟ್ಟಗೆ ಬರಲ್ಲ. ಇದನ್ನ ಹೊಲಿಯೋಕೆ ಆಗುತ್ತಾ?"

"ಯಾಕಾಗಲ್ಲ? ಬಟ್ಟೆ ತಾನೆ."

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್. ನಾನು ಕತ್ತರಿಸಿದ ಬಟ್ಟೆ ಅಳತೆ ತಪ್ಪಿದೆ ಅಂತ ವಾಪಸ್ ಬಂದಿದ್ದಿಲ್ಲ. ಜೂನ್‌ವರೆಗೆ ಹೇಗೂ ರಜೆ. ಒಂದೇ ಶರತ್ತು ಹಾಕಿದೆ: ಪ್ರತಿ ಭಾನುವಾರ ಬಂದು ಅವಳೂ ಸೂಜಿ ಹಿಡಿಯಬೇಕು. ಅಳತೆ ತಗೊಂಡೆ. ಎದೆ 36, ಸೊಂಟ 28, ಭುಜದಿಂದ ನೆಲಕ್ಕೆ 51.

ಇದರಲ್ಲಿ ಇವರ ಕೈವಾಡ ಇದೆ. ಅವಳು ಇದ್ದಷ್ಟು ಹೊತ್ತೂ ಪೇಪರ್ ಹಿಡಿದು ಕೂತಿದ್ದರು, ಒಂದು ಪುಟವೂ ತಿರುಗಲಿಲ್ಲ. ಇರಲಿ.

ಜನವರಿ 15, ಬುಧವಾರ

ನಿನ್ನೆ ಸಂಕ್ರಾಂತಿ. ಎಳ್ಳು ಬೀರೋಕೆ ಪಕ್ಕದ ಮನೆಗೆ ಹೋಗಿದ್ದೆ. ಕುಂಕುಮಕ್ಕೆ ಬಗ್ಗಿದಾಗ ರವಿಕೆಯೊಳಗೆ ಇಟ್ಟುಕೊಂಡಿದ್ದ ಹತ್ತಿಯ ಪ್ಯಾಡ್ ಜರುಗಿ ಭುಜದ ಹತ್ತಿರ ಬಂತು. ಅವರು ನೋಡಿದರು, ನೋಡಲಿಲ್ಲ ಅನ್ನುವ ಹಾಗೆ ಗೋಡೆ ಕಡೆ ತಿರುಗಿದರು. ಉಳಿದ ಮನೆಗಳಿಗೆ ಹೋಗಲಿಲ್ಲ. ಇನ್ನು ಯಾವ ಸಮಾರಂಭಕ್ಕೂ ಹೋಗುವುದಿಲ್ಲ. ತೀರ್ಮಾನ ಆಯಿತು, ಅದರ ಬಗ್ಗೆ ಬರೆಯೋಕೇನೂ ಇಲ್ಲ.

ಇವತ್ತು ಭೂತಕನ್ನಡಿ ಹಿಡಿದು ಚಿತ್ರ ನೋಡಿದೆ. ಮೂರು ಗಂಟೆ. ಒಟ್ಟು ಐದು ಭಾಗ: ಒಳಗಿನ ಬಳೆ ಲಂಗ, ಮೇಲಿನ ಕಪ್ಪು ಲಂಗ, ಮೇಲಂಗಿ, ತೋಳು, ಕಾಲರ್. ತೋಳು ಎರಡು ಪದರ, ಒಳತೋಳು ಬಿಗಿ, ಹೊರತೋಳು ಮೊಣಕೈಯಿಂದ ಜೋತು ಬೀಳುತ್ತೆ. ಮೇಲಂಗಿ ಮಾತ್ರ ಅರ್ಥವಾಗಲಿಲ್ಲ. ಎದೆಯ ಭಾಗ ಹಲಗೆಯ ಹಾಗಿದೆ. ಬರೆದವನಿಗೆ ಹೆಂಗಸಿನ ಮೈ ಬರೆಯೋಕೆ ಬರುತ್ತಿರಲಿಲ್ಲ ಅಂದುಕೊಂಡೆ. ಅಮೂಲ್ಯಾಗೆ ಫೋನ್ ಮಾಡಿದೆ.

"ಇಲ್ಲ ಅತ್ತೆ, ಆಗ ಅಲ್ಲಿ ಫ್ಯಾಷನ್ನೇ ಅದು. ಮೇಲಂಗಿ ಒಳಗೆ ರಟ್ಟಿನ ಹಾಗೆ ಗಟ್ಟಿ ಪದರ ಹಾಕಿ ಎದೆ ಪೂರಾ ಚಪ್ಪಟೆ ಮಾಡ್ತಿದ್ರು. ರಾಣಿಯಿಂದ ಹಿಡಿದು ಎಲ್ರೂ. ಹಾಗಿದ್ರೇನೇ ಗಾಂಭೀರ್ಯ ಅಂತ."

"ಎಲ್ರೂನಾ?"

"ಎಲ್ರೂ."

ಸರಿ. ಹಾಗಾದರೆ ಷರ್ಟಿನ ಕಾಲರಿನೊಳಗೆ ಹಾಕುವ ಗಟ್ಟಿ ಬಟ್ಟೆ, ಬಕ್ರಮ್ ಬೇಕು, ಮೂರು ಪದರ, ಮೂರನ್ನೂ ಸೇರಿಸಿ ಅಡ್ಡಡ್ಡ ಹೊಲಿಗೆ. ಮೇಲಂಗಿಯಿಂದಲೇ ಶುರು ಮಾಡುತ್ತೇನೆ.

ಜನವರಿ 20, ಸೋಮವಾರ

ಫಿಸಿಯೋಥೆರಪಿ ಹುಡುಗಿ ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿದ್ದಾಳೆ. ಎಡಗೈ ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಕಂಕುಳಲ್ಲಿ ಗಂಟುಗಳನ್ನೂ ತೆಗೆದಿರುವುದರಿಂದ ಆ ಕೈಗೆ ಸೂಜಿ ಚುಚ್ಚಬಾರದು, ಗಾಯ ಆಗಬಾರದು. ನಾನು ಹೊಲಿಯುತ್ತೇನೆ ಅಂದಿದ್ದಕ್ಕೆ ಹುಬ್ಬೇರಿಸಿದಳು. ಸೂಜಿ ಚುಚ್ಚದ ಹಾಗೆ ಎಡಗೈಯ ಎರಡು ಬೆರಳ ತುದಿಗೆ ಹಿತ್ತಾಳೆ ಅಂಗುಸ್ತಾನ ಹಾಕಿಕೊಂಡು ಹೋಗಿ ತೋರಿಸಿದೆ. ನಕ್ಕುಬಿಟ್ಟಳು.

ಎಂ.ಜಿ. ರಸ್ತೆಯಲ್ಲಿ ಕಪ್ಪು ರೇಷ್ಮೆ ಸಿಕ್ಕಿತು. ಮಿಂಚಿಲ್ಲದ್ದು, ಭಾರದ್ದು. ಅಂಗಡಿಯವನು ಹೊಳೆಯುವ ಸ್ಯಾಟಿನ್ ತೋರಿಸಿದ. "ಅದು ಪಲ್ಲಕ್ಕಿಗೆ ಹೊದಿಸೋದು ಕಣಪ್ಪ, ಒಳಗಿಡು" ಅಂದೆ.

ಫೆಬ್ರವರಿ 2, ಭಾನುವಾರ

ಮೇಲಿನ ಲಂಗ ಗಂಟೆಯ ಹಾಗೆ ಅಗಲವಾಗಿ ನಿಲ್ಲೋಕೆ ಒಳಗಿನ ಬಳೆ ಲಂಗಕ್ಕೆ ಆರು ಬಿದಿರಿನ ಬಳೆ ಬೇಕು, ಕೆಳಗಿನದು ಎಲ್ಲಕ್ಕಿಂತ ದೊಡ್ಡದು. ಇವರು ಪಿ.ಯು. ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವರು. ಚಿತ್ರದ ಮೇಲೆ ಸ್ಕೇಲ್ ಇಟ್ಟು ಆರು ಸುತ್ತಳತೆಯನ್ನೂ ಬರೆದುಕೊಟ್ಟರು. ಕೊತ್ತಗೆರೆಯಲ್ಲಿ ಹನುಮಕ್ಕ ಅನ್ನುವವಳು ಬಿದಿರಿನ ಬುಟ್ಟಿ ಹೆಣೆಯುತ್ತಾಳೆ ಅಂತ ಅಮೂಲ್ಯಾನ ಅಮ್ಮ ಹೇಳಿದ್ದಳು. ಇವರೂ ನಾನೂ ಕಾರಿನಲ್ಲಿ ಕುಣಿಗಲ್ ದಾಟಿ ಹುಡುಕಿಕೊಂಡು ಹೋದೆವು.

ಎಪ್ಪತ್ತರ ಹತ್ತಿರದ ಮುದುಕಿ, ಮನೆ ಮುಂದೆ ಕಾಲು ಚಾಚಿ ಕೂತು ಬಿದಿರು ಸೀಳುತ್ತಿದ್ದಳು. ಚಿತ್ರ ತೋರಿಸಿದೆ.

"ಲಂಗದೊಳಕ್ಕೆ ಬಿದುರಾ?" ಅಂತ ನಕ್ಕೂ ನಕ್ಕೂ ಕೆಮ್ಮು ಬಂತು ಅವಳಿಗೆ. "ಕೋಳಿ ಕವುಚಾಕೋ ಮಂಕ್ರಿ ಇದ್ದಂಗೈತೆ ಕಣವ್ವ! ಇದ್ನ ಹಾಕ್ಕಂಡು ಕುಂತ್ಕಳದೆಂಗೆ?"

"ಕೂತ್ಕೊಳ್ಳೋ ಹಾಗಿಲ್ಲ. ನಿಂತೇ ಇರಬೇಕು."

"ಅಂಗಾರೆ ದೊಡ್ಡವರ ಮನೆ ಹೆಂಗ್ಸೇ ಬುಡು, ಕೆಲ್ಸ ಇಲ್ಲ."

ತೆಳ್ಳಗೆ ಸೀಳಿದ ಬಿದಿರಿನ ದೆಬ್ಬೆಯನ್ನು ಬೆಂಕಿಗೆ ಹಿಡಿದು ಬಗ್ಗಿಸುತ್ತಾ, ಇನ್ನೊಂದು ತುದಿ ಹಿಡಿದು ಮೇಲಕ್ಕೆತ್ತು ಅಂದಳು. ನಾನು ಎಡಗೈಯಲ್ಲಿ ಹಿಡಿದಿದ್ದೆ, ಏಳಲಿಲ್ಲ.

"ಆ ಕೈ ಯಾಕವ್ವ ಮ್ಯಾಕೇಳಕಿಲ್ಲ?"

"ಆಪರೇಷನ್ ಆಗಿದೆ."

"ಎಲ್ಲಿಗೆ?"

"ಎದೆ ತೆಗೆದಿದ್ದಾರೆ. ಎಡಗಡೆದು. ಕ್ಯಾನ್ಸರ್ ಆಗಿತ್ತು."

"ಪೂರಾ ತೆಗುದ್ರಾ?"

"ಪೂರಾ."

ಅವಳು ನನ್ನ ಎದೆಯನ್ನೇ ನೋಡಿದಳು, ಬಿದಿರಿನ ಗೆಣ್ಣು ನೋಡುವ ಹಾಗೆ. ಆಮೇಲೆ, "ಅಂಗಾರೆ ಬಲಗೈಲಿ ಇಡ್ಕೊ. ಬಿಗಿಯಾಗಿ" ಅಂದಳು. ಹಿಡಿದೆ. ಎರಡು ಗಂಟೆಯಲ್ಲಿ ಆರೂ ಬಳೆ ಆದವು.

ಅವಳಿಗೆ ಅಷ್ಟೆಲ್ಲ ಹೇಳುವ ಅಗತ್ಯ ಇರಲಿಲ್ಲ. ಕೆಲಸದ ಮಧ್ಯೆ ಬಾಯಿಗೆ ಬಂತು. ಇವರು ಕಾರಿನ ಹತ್ತಿರ ನಿಂತಿದ್ದರು, ಕೇಳಿಸಿರಬೇಕು. ವಾಪಸ್ ಬರುವಾಗ ಕುಣಿಗಲ್ ಕೆರೆ ಏರಿ ಮೇಲೆ ಕಾರು ನಿಲ್ಲಿಸಿ ಸೌತೆಕಾಯಿ ಕೊಡಿಸಿದರು. ಉಪ್ಪು ಖಾರ ಹೆಚ್ಚಾಗಿತ್ತು, ಚೆನ್ನಾಗಿತ್ತು.

ಫೆಬ್ರವರಿ 9, ಭಾನುವಾರ

ಅಮೂಲ್ಯಾಗೆ ಹಿಮ್ಮುಖ ಹೊಲಿಗೆ ಹೇಳಿಕೊಟ್ಟೆ. ಒಂದು ಗೇಣು ಹಾಕಿದಳು, ಎರಡು ಸಲ ಬಿಚ್ಚಿಸಿದೆ. "ಅತ್ತೆ, ಒಳಗಡೆ ಯಾರು ನೋಡ್ತಾರೆ?" ಅಂತಾಳೆ. ಹೊಲಿಗೆಯ ಯೋಗ್ಯತೆ ಇರುವುದೇ ಒಳಗಡೆ. ಮೂರನೇ ಸಲ ಸರಿಯಾಗಿ ಬಂತು. ಕೈ ಒಳ್ಳೆಯದಿದೆ ಅವಳದ್ದು, ತಾಳ್ಮೆ ಇಲ್ಲ.

ಫೆಬ್ರವರಿ 17, ಸೋಮವಾರ

ಹಳೆಯ ಬೆಡ್‌ಶೀಟಿನಲ್ಲಿ ಮೇಲಂಗಿಯ ಕಚ್ಚಾ ಮಾದರಿ ಮುಗಿಸಿದೆ. ಬಟ್ಟೆಯನ್ನು ಮೈಮೇಲೆ ಇಟ್ಟೇ ನೋಡಬೇಕು, ಕಾಗದದ ಮೇಲೆ ತಿಳಿಯುವುದಿಲ್ಲ. ಅಮೂಲ್ಯಾಗೆ ಪರೀಕ್ಷೆ, ಈ ವಾರ ಬರಲಿಲ್ಲ. ಹಾಗಾಗಿ ರೂಮಿನ ಬಾಗಿಲು ಹಾಕಿಕೊಂಡು ನಾನೇ ಹಾಕಿಕೊಂಡೆ. ಪ್ಯಾಡ್ ತೆಗೆದಿಟ್ಟೆ, ಗಟ್ಟಿ ಪದರದ ಕೆಳಗೆ ಅದು ಉಬ್ಬುತ್ತಿತ್ತು.

ಬೀರು ಕನ್ನಡಿಯಲ್ಲಿ ನೋಡಿದೆ. ಬಕ್ರಮ್ ಬಲಗಡೆಯನ್ನೂ ಒತ್ತಿ ಎಡಗಡೆಯ ಸಮಕ್ಕೆ ತಂದಿದೆ. ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ನೇರ ಗೆರೆ. ಒಳಗೆ ಏನಿದೆ, ಏನಿಲ್ಲ ಅಂತ ಅಂಗಿಗೆ ಗೊತ್ತೇ ಇಲ್ಲ.

ಎಡ ಭುಜದ ಹೊಲಿಗೆ ಅರ್ಧ ಇಂಚು ಒಳಗೆ ತರಬೇಕು. ಸೊಂಟದ ಮುಂದೆ ಚೂಪಾಗಿ ಇಳಿಯುವ ಮೊನೆ ಇನ್ನೂ ಎರಡು ಬೆರಳು ಕೆಳಗೆ ಬರಬೇಕು. ಇದನ್ನೆಲ್ಲ ನೋಡುತ್ತಾ ಕುಕ್ಕರ್ ಕೂಗಿದ್ದು ಕೇಳಿಸಲಿಲ್ಲ. ಬೇಳೆ ತಳ ಹತ್ತಿತು.

ಫೆಬ್ರವರಿ 27, ಗುರುವಾರ

ಎಡಗೈ ಊದಿದೆ. ಬಳೆ ತೆಗೆಯೋಕೆ ಸೋಪು ಹಚ್ಚಬೇಕಾಯಿತು.

ಸೂಜಿ ಮುಟ್ಟಿಲ್ಲ.

ಮಾರ್ಚ್ 1, ಶನಿವಾರ

ಡಾಕ್ಟರು ಊತ ಇಳಿಯೋಕೆ ಕೈಗೆ ಹಾಕುವ ಬಿಗಿ ತೋಳು ಕೊಟ್ಟಿದ್ದಾರೆ, ದಿನವೂ ಹಾಕಬೇಕು. ಹೊಸದಾಗಿ ಏನೂ ಬಂದಿಲ್ಲ, ರಿಪೋರ್ಟ್ ಶುದ್ಧವಾಗಿದೆ ಅಂದರು. ಇವರು ಹೊರಗೆ ಬಂದು ಬೆಂಚಿನ ಮೇಲೆ ಕೂತವರು ಐದು ನಿಮಿಷ ಏಳಲೇ ಇಲ್ಲ. ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ಏಳ್ರೀ, ಬಸ್ಸು ಹೋಗುತ್ತೆ" ಅಂದೆ. ನಾವು ಬಂದಿದ್ದು ಕಾರಿನಲ್ಲಿ.

ಮಾರ್ಚ್ 8, ಶನಿವಾರ

ಕಾಲರಿಗೆ ಎಂಟು ಮೀಟರ್ ತೆಳು ಬಿಳಿ ಬಟ್ಟೆ ಬೇಕಿತ್ತು. ಇವರ ಎರಡು ಹೊಸ ಮಲ್ ಪಂಚೆ ಕತ್ತರಿಸಿದೆ.

"ಕೇಳಬೇಕು ಅನಿಸಲಿಲ್ವಾ?"

"ಕೇಳಿದ್ರೆ ಇಲ್ಲ ಅಂತಿದ್ರಾ?"

"ಇಲ್ಲ."

"ಮತ್ತೆ?"

ಅನ್ನದ ಗಂಜಿ ಸೋಸಿ, ಅದ್ದಿ, ನೆರಳಲ್ಲಿ ಒಣಗಿಸಿ, ಒಂದೊಂದು ನಿರಿಗೆಯನ್ನೂ ಎಂಟರ ಆಕಾರಕ್ಕೆ ತಿರುವಿ ದಾರ ಹಾಕಬೇಕು. ಇನ್ನೂರ ಹತ್ತು ನಿರಿಗೆ. ಇವರು ಪಕ್ಕದಲ್ಲಿ ಕೂತು ಕೊಡೆ ಕಡ್ಡಿಗೆ ಸುತ್ತಿ ಸುತ್ತಿ ಆಕಾರ ಕೊಟ್ಟರು. ಒಂದೂ ಹೆಚ್ಚು ಕಮ್ಮಿ ಆಗಲಿಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಇವರನ್ನು ಹೊಲಿಗೆಗೆ ಕೂರಿಸಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಮಾರ್ಚ್ 23, ಭಾನುವಾರ

ಅಂಗಿ ಪೂರ್ತಿ ಆಯಿತು. ಅಮೂಲ್ಯಾ ಹಾಕಿಕೊಂಡು ನೋಡಿದಳು.

ಮೇಲಂಗಿಯ ಬೆನ್ನಿನ ಕಡೆ ದಾರ ಹಾಕಿ ಬಿಗಿಯುವ ಎರಡು ಅಂಚು ಕೂಡುವುದಿಲ್ಲ. ನಾಲ್ಕು ಬೆರಳಷ್ಟು ಸಂದು. ಉಸಿರು ಬಿಟ್ಟರೂ ಇಲ್ಲ, ಎಳೆದರೂ ಇಲ್ಲ. ಲಂಗ ಮೂರು ಇಂಚು ನೆಲದ ಮೇಲೆ ಎಳೆಯುತ್ತದೆ. ಎಡ ಭುಜ ಅವಳಿಗೆ ಹಿಡಿಯುತ್ತದೆ.

ಇದೇ ಪುಸ್ತಕದ ಮೊದಲ ಪುಟದಲ್ಲಿ ಅವಳ ಅಳತೆ ಇದೆ. 36, 28, 51. ಬರೆದವಳು ನಾನು. ಕತ್ತರಿಸುವಾಗ ಒಂದು ಸಲವೂ ತೆಗೆದು ನೋಡಲಿಲ್ಲ.

"ಅತ್ತೆ, ಇದು ನಿಮ್ಮ ಅಳತೆ" ಅಂದಳು ಮೆಲ್ಲಗೆ.

"ಗೊತ್ತು" ಅಂದೆ. ಜೋರಾಗೇ ಅಂದೆ ಅಂತ ಕಾಣುತ್ತೆ. ಅವಳು ಅಂಗಿ ಕಳಚಿ ಮಂಚದ ಮೇಲೆ ಇಟ್ಟು, ಊಟ ಮಾಡದೆ ಹಾಸ್ಟೆಲಿಗೆ ಹೋದಳು.

ಹದಿನಾಲ್ಕು ದಿನ ಇದೆ. ಮೇಲಂಗಿ ಪೂರಾ ಬಿಚ್ಚಿ, ಪಕ್ಕಕ್ಕೆ ಪಟ್ಟಿ ಸೇರಿಸಿ, ಮತ್ತೆ ಕೂರಿಸುತ್ತೇನೆ. ರೇಷ್ಮೆ ಮುಕ್ಕಾಲು ಮೀಟರ್ ಉಳಿದಿದೆ. ಆಗುತ್ತೆ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಬ್ಲೇಡ್ ಹಿಡಿದು ಕೂತಿದ್ದೆ. ಅಮೂಲ್ಯಾ ಬಂದಳು, ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಬಿಚ್ಚಬೇಡಿ. ನಮ್ಮ ಕಾಲೇಜಿನ ರವಿಕಿರಣ್ ಸರ್‌ನ ಕೇಳಿದೆ. ಯಾರು ಬೇಕಾದ್ರೂ ಹಾಕ್ಕೊಂಡು ನಿಲ್ಲಬಹುದಂತೆ. ನೀವೇ ನಿಂತ್ಕೊಳ್ಳಿ."

"ನಿನಗೆ ತಲೆ ಕೆಟ್ಟಿದೆಯೇನೇ? ಊರವರ ಮುಂದೆ ನಾನು ನಿಂತ್ಕೋಬೇಕಾ?"

"ಚಿತ್ರದಲ್ಲಿರೋಳ ವಯಸ್ಸು ನೋಡಿ ಅತ್ತೆ. ನಾನು ನಿಂತ್ರೆ ಫ್ಯಾನ್ಸಿ ಡ್ರೆಸ್ ಥರ ಇರುತ್ತೆ. ಮೊದಲನೇ ದಿನದಿಂದ ಹಾಗೇ ಅನಿಸ್ತಿತ್ತು ನನಗೆ, ಹೇಳೋಕೆ ಹೆದರಿಕೆ."

"ಯಾಕೆ ಹೆದರಿಕೆ?"

ಅವಳು ಆಗ ಚಪ್ಪಲಿ ಬಿಟ್ಟು ಒಳಗೆ ಬಂದಳು. ಆಮೇಲೆ, "ಆಪರೇಷನ್ ಆದಾಗ ನಾನು ನಿಮ್ಮನ್ನ ನೋಡೋಕೆ ಬರಲಿಲ್ಲ. ಏನು ಮಾತಾಡಬೇಕು ಅಂತ ಗೊತ್ತಾಗಲಿಲ್ಲ. ಆರು ತಿಂಗಳು ಬರಲಿಲ್ಲ ಅತ್ತೆ" ಅಂತ ಅತ್ತಳು. ಅವಳಿಗೆ ಉಪ್ಪಿಟ್ಟು ಹಾಕಿಕೊಟ್ಟೆ. ಎರಡು ಸಲ ಹಾಕಿಸಿಕೊಂಡಳು. ಆಗುವುದಿಲ್ಲ ಅಂತ ಹೇಳಿ ಕಳಿಸಿದೆ.

ಸಂಜೆ ಇವರು ಕಾಲೇಜಿನಿಂದ ಬಂದು ಬ್ಲೇಡ್ ನೋಡಿದರು.

"ಬಿಚ್ಚೋದೇ ಆದ್ರೆ ನಾನೂ ಕೂತ್ಕೋತೀನಿ. ಎರಡು ತಿಂಗಳು ಹೊಲಿದಿದ್ದೀಯ, ಬಿಚ್ಚೋ ಮುಂಚೆ ಒಂದು ಸಲ ಹಾಕ್ಕೊಂಡು ತೋರಿಸು."

ಹಿಂದಿನ ದಾರ ನಾನೇ ಕಟ್ಟಿಕೊಳ್ಳೋಕೆ ಆಗುವುದಿಲ್ಲ, ಎಡಗೈ ಹಿಂದಕ್ಕೆ ಹೋಗುವುದಿಲ್ಲ. ಜುಲೈನಿಂದ ಬಟ್ಟೆ ಬದಲಾಯಿಸುವಾಗ ಚಿಲಕ ಹಾಕಿಕೊಳ್ಳುತ್ತಿದ್ದೆ. ಇವತ್ತು ಲಂಗ ತೊಟ್ಟುಕೊಂಡು ಇವರನ್ನೇ ಕರೆದೆ. ತೆಳು ಒಳ ಅಂಗಿಯ ಮೇಲೆ ಮೇಲಂಗಿ ಕೂರಿಸಿ, ಇಪ್ಪತ್ತೆರಡು ತೂತಿಗೂ ಒಂದೊಂದಾಗಿ ದಾರ ಹಾಕಿದರು. ಮೊದಲು ಇವರ ಕೈ ತಣ್ಣಗಿತ್ತು. ನಾಲ್ಕನೇ ತೂತಿನ ಹೊತ್ತಿಗೆ ಸರಿಹೋಯಿತು. ಸಂದು ಇರಲಿಲ್ಲ, ಕೂದಲೆಳೆಯಷ್ಟೂ ಇಲ್ಲ.

ಎದುರಿಗೆ ಬಂದು ನಿಂತು ತುಂಬಾ ಹೊತ್ತು ನೋಡಿದರು. ಏನಾದರೂ ಹೇಳುತ್ತಾರೆ ಅಂದುಕೊಂಡೆ. ಮೊಣಕಾಲೂರಿ ಕೂತು ಸ್ಕೇಲ್ ಹಿಡಿದು, "ಲಂಗ ಬಲಗಡೆ ಕಾಲಿಂಚು ಇಳಿದಿದೆ" ಅಂದರು. ಹೌದು, ಇಳಿದಿತ್ತು. ನಾನು ನೋಡಿರಲಿಲ್ಲ.

ಬಲಗಡೆ ಅಂಚು ಮಾತ್ರ ಬಿಚ್ಚಿ ಸರಿಮಾಡಿದೆ. ಬ್ಲೇಡ್ ಬೀರುವಿನಲ್ಲಿದೆ.

ಮಾರ್ಚ್ 30, ಭಾನುವಾರ. ಯುಗಾದಿ

ಒಬ್ಬಟ್ಟಿಗೆ ಅಮೂಲ್ಯಾನ ಕರೆದೆ. ನಾನು ನಿಲ್ಲುವುದು ಒಂದು ಗಂಟೆ ಮಾತ್ರ, ಮಧ್ಯೆ ಹತ್ತು ನಿಮಿಷ ವಿರಾಮ, ಯಾರೂ ಹತ್ತಿರ ಬಂದು ಸೆಲ್ಫಿ ತೆಗೆಯಬಾರದು ಅಂತ ಹೇಳಿದೆ. ಅವಳು ಒಬ್ಬಟ್ಟು ಕೈಯಲ್ಲಿ ಹಿಡಿದೇ ನನ್ನನ್ನು ತಬ್ಬಿಕೊಂಡಳು. ಸೀರೆಗೆಲ್ಲ ತುಪ್ಪ.

ಶಾಲೆಯ ಮಾಲಿನಿ ಮೇಡಂ ಫೋನ್ ಮಾಡಿದ್ದರು. ಏಪ್ರಿಲ್ ಆರಕ್ಕೆ ಗುಬ್ಬಿಗೆ ಬನ್ನಿ, ಟೀಚರುಗಳನ್ನೆಲ್ಲ ಕರ್ಕೊಂಡು ಬನ್ನಿ ಅಂದೆ.

ಏಪ್ರಿಲ್ 6, ಭಾನುವಾರ

ಗುಬ್ಬಿಯಿಂದ ಈಗ ಬಂದೆವು. ಕಾಲು ನೋಯುತ್ತಿದೆ, ಆದರೆ ಬರೆದೇ ಮಲಗಬೇಕು.

ರಂಗಮಂದಿರದ ಬಲಮೂಲೆಯಲ್ಲಿ ನಮ್ಮ ಚೌಕಟ್ಟು. ಅಮೂಲ್ಯಾ ಹಿಂದಿನ ಪರದೆಗೆ ಕಂದು ಬಣ್ಣ ಎಷ್ಟು ಚೆನ್ನಾಗಿ ಕೊಟ್ಟಿದ್ದಾಳೆ! ಕೀಮೋ ಮುಗಿದ ಮೇಲೆ ಬೆಳೆದ ಈ ಎರಡಿಂಚು ಕೂದಲನ್ನು ಹಿಂದಕ್ಕೆ ಬಾಚಿ, ಮೇಲೊಂದು ಕಪ್ಪು ಟೋಪಿ ಇಟ್ಟಳು. ಹತ್ತೂವರೆಗೆ ಪರದೆ ತೆಗೆದರು. ಮೊದಲ ಐದು ನಿಮಿಷ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಆ ಹೆಂಗಸಿನ ಹಾಗೆ ಬಂದವರನ್ನೆಲ್ಲ ನಾನೇ ನೋಡೋಕೆ ಶುರು ಮಾಡಿದೆ. ಅವರು ಕಣ್ಣು ತಗ್ಗಿಸಿದರು, ನಾನಲ್ಲ. ಮಾಲಿನಿ ಮೇಡಂ ಗುರುತೇ ಹಿಡಿಯದೆ ಮುಂದೆ ಹೋಗಿ, ವಾಪಸ್ ಓಡಿಬಂದರು. ಹೊರಗಿನಿಂದ ಬಂದ ಪರೀಕ್ಷಕರು ಹೊಲಿಗೆಯ ಒಳಭಾಗ ತೋರಿಸಿ ಅಂದರು. ಅಮೂಲ್ಯಾ ನನ್ನ ಮುಖ ನೋಡಿ ನಕ್ಕು, ಲಂಗದ ಅಂಚು ತಿರುಗಿಸಿ ತೋರಿಸಿದಳು. ಅವಳು ಹಾಕಿದ ಅಂಚೇ ಅದು.

ವಿರಾಮದಲ್ಲಿ ಒಬ್ಬಳು ಬಂದಳು. ನಲವತ್ತರೊಳಗಿನವಳು. ಸ್ವರ್ಣಲತಾ ಅಂತ, ಬೆಳ್ಳಾವಿಯವಳು. ಅವಳ ಮಗಳು ನಮ್ಮ ಶಾಲೆಯಲ್ಲಿ ಓದುತ್ತಿದ್ದಾಳಂತೆ, ಮಾಲಿನಿ ಮೇಡಂ ಅವಳನ್ನು ಬೇಕೆಂದೇ ಕರೆತಂದಿದ್ದರು.

"ಮಿಸ್, ನನಗೂ ಹೇಳಿದಾರೆ. ಗುರುವಾರ ಆಪರೇಷನ್" ಅಂದಳು. "ಯಾವ ಕಡೆ?" ಅಂದೆ. "ಬಲಗಡೆ." ಆಮೇಲೆ ಸೆರಗಿನ ತುದಿ ತಿರುಚುತ್ತಾ ನಿಂತಳು. "ಆದ್ಮೇಲೆ ಹೇಗಿರುತ್ತೆ ಅಂತ ಯಾರೂ ಹೇಳಲ್ಲ ಮಿಸ್. ಡಾಕ್ಟ್ರು ಕಾಗದದ ಮೇಲೆ ಗೆರೆ ಎಳೆದು ತೋರಿಸ್ತಾರೆ. ಫೋನಲ್ಲಿ ನೋಡೋಕೆ ಹೋದೆ, ಹೆದರಿಕೆಯಾಗಿ ಆಫ್ ಮಾಡ್ದೆ."

ಅವಳನ್ನು ಮೇಕಪ್ ರೂಮಿಗೆ ಕರೆದುಕೊಂಡು ಹೋದೆ. ದಾರ ಬಿಚ್ಚು ಅಂದೆ. ಇಪ್ಪತ್ತೆರಡು ತೂತು ಬಿಡಿಸೋಕೆ ತುಂಬಾ ಹೊತ್ತು ಹಿಡಿಯಿತು. ಮೇಲಂಗಿ ತೆಗೆದು, ಒಳ ಅಂಗಿ ಜಾರಿಸಿ, ಟ್ಯೂಬ್‌ಲೈಟಿನ ಕೆಳಗೆ ನಿಂತು ತೋರಿಸಿದೆ. ಇಲ್ಲಿಂದ ಇಲ್ಲಿಗೆ ಗಾಯದ ಗೆರೆ. ಇಲ್ಲಿ ಮುಟ್ಟಿದರೆ ಗೊತ್ತಾಗಲ್ಲ, ಇಲ್ಲಿ ಸ್ವಲ್ಪ ಜುಮ್ ಅನ್ನುತ್ತೆ. ರೇಡಿಯೇಷನ್ ಕೊಟ್ಟ ಕಡೆ ಚರ್ಮ ಕಪ್ಪಾಗಿತ್ತು, ಈಗ ತಿಳಿಯಾಗ್ತಿದೆ. ಅವಳು ನೋಡಿದಳು. ಹತ್ತಿರ ಬಂದು ಇನ್ನೊಂದು ಸಲ ನೋಡಿದಳು.

"ಇಷ್ಟೇನಾ ಮಿಸ್?"

"ಇಷ್ಟೇ. ನೋವಾಗುತ್ತೆ, ಸುಳ್ಳು ಹೇಳಲ್ಲ. ಆಮೇಲೆ ಕಮ್ಮಿಯಾಗುತ್ತೆ. ಕೈ ವ್ಯಾಯಾಮ ಮಾತ್ರ ಬಿಡಬೇಡ."

ಅಷ್ಟರಲ್ಲಿ ಹೊರಗಿನಿಂದ ಅಮೂಲ್ಯಾ ಕೂಗಿದಳು, "ಅತ್ತೆ, ಟೈಮ್ ಆಯ್ತು!" ಸ್ವರ್ಣಲತಾನೇ ಮೇಲಂಗಿ ತೊಡಿಸಿ ಹಿಂದೆ ಬಂದು ದಾರ ಹಿಡಿದಳು. ಮೊದಮೊದಲು ಎಲ್ಲಿ ನೋಯುತ್ತೋ ಅಂತ ಹಗುರವಾಗಿ ಎಳೆಯುತ್ತಿದ್ದಳು. ಹಾಗೆ ಎಳೆದರೆ ನಿಲ್ಲಲ್ಲ ಕಣಮ್ಮ, ಜೋರಾಗಿ ಎಳಿ ಅಂದೆ. ಎಳೆದಳು ನೋಡು, ಉಸಿರು ಸಿಕ್ಕಿಹಾಕಿಕೊಂಡು ನಾನು ಗೋಡೆ ಹಿಡಿದುಕೊಂಡೆ. ಇಬ್ಬರಿಗೂ ನಗು ತಡೆಯೋಕೆ ಆಗಲಿಲ್ಲ.